‘ಕಾಯು’ ಎಂಬ ಆಜ್ಞೆ: ಬಯಲಾಟದ ಲೈವ್ ಮತ್ತು ಬಟನ್ನಿನ ಓದು

ಗುರುವಾಯನಕೆರೆಯಿಂದ ಮಡಂತ್ಯಾರು, ಪುಂಜಾಲಕಟ್ಟೆಗಳನ್ನು ಹಾದು ಬಂಟ್ವಾಳದತ್ತ ಹೋಗುವ ಹೆದ್ದಾರಿಯ ಎರಡೂ ಬದಿಗೆ, ದೀಪಾವಳಿ ಕಳೆದು ಮೇಳಗಳ ತಿರುಗಾಟ ಶುರುವಾಗುತ್ತಿದ್ದಂತೆ, ಬಯಲಾಟದ ಬ್ಯಾನರುಗಳು ಏಳುತ್ತವೆ. ಅವುಗಳ ಒಕ್ಕಣೆ ಹೆಚ್ಚುಕಡಿಮೆ ಒಂದೇ ಥರ. ಯಾರ ಹರಕೆ, ಯಾವ ಮೇಳ, ಯಾವ ಪ್ರಸಂಗ, ಚೌಕಿ ಪೂಜೆ ಎಷ್ಟು ಗಂಟೆಗೆ, ಅನ್ನಸಂತರ್ಪಣೆ ಎಷ್ಟು ಗಂಟೆಗೆ. ಕೆಲವು ವರ್ಷಗಳಿಂದ ಈ ಒಕ್ಕಣೆಯ ಕೊನೆಗೆ ಒಂದು ಸಾಲು ಸೇರಿಕೊಂಡಿದೆ: ಯೂಟ್ಯೂಬಿನಲ್ಲಿ ನೇರ ಪ್ರಸಾರವಿದೆ. ಸಣ್ಣ ಅಕ್ಷರದ ಈ ಸಾಲನ್ನು ಸಾಹಿತ್ಯದ ವಿದ್ಯಾರ್ಥಿಗಳು ಸ್ವಲ್ಪ ನಿಂತು ಓದಬೇಕು. ಮುಂದಿನ ತಲೆಮಾರು ಬಯಲಾಟವನ್ನು ಅಧ್ಯಯನ ಮಾಡಲು ಹೊರಟಾಗ ಅವರ ಕೈಗೆ ಸಿಗುವ ಮುಖ್ಯ ಪಠ್ಯ ಈ ಪ್ರಸಾರಗಳ ದಾಖಲೆಯೇ ಆಗಿರುತ್ತದೆ. ಆ ಪಠ್ಯವನ್ನು ಯಾರು ಬರೆಯುತ್ತಿದ್ದಾರೆ, ಹೇಗೆ ಬರೆಯುತ್ತಿದ್ದಾರೆ ಎಂಬ ಪ್ರಶ್ನೆಯನ್ನು ನಮ್ಮ ವಿಮರ್ಶೆ ಇನ್ನೂ ಸರಿಯಾಗಿ ಎತ್ತಿಕೊಂಡಿಲ್ಲ.

ಲೈವ್ ಎಂದರೆ ಕ್ಯಾಮೆರಾ ಇಟ್ಟು ಕಂಡದ್ದನ್ನು ಕಳಿಸುವುದು ಎಂದು ನಾವು ತಿಳಿಯುತ್ತೇವೆ. ಒಂದೇ ಕ್ಯಾಮೆರಾ ಇದ್ದಾಗ ಅದು ಬಹುಮಟ್ಟಿಗೆ ನಿಜ. ಈಗ ಒಂದು ಒಳ್ಳೆಯ ಪ್ರಸಾರಕ್ಕೆ ಮೂರು ನಾಲ್ಕು ಕ್ಯಾಮೆರಾ ಬೇಕಾಗುತ್ತದೆ. ರಂಗಸ್ಥಳವನ್ನು ಪೂರ್ತಿ ಹಿಡಿಯುವುದಕ್ಕೆ ಒಂದು, ವೇಷಧಾರಿಯ ಮುಖಕ್ಕೆ ಒಂದು, ಹಿಮ್ಮೇಳಕ್ಕೆ ಒಂದು, ಸಭೆಯ ಕಡೆಗೋ ಚೌಕಿಯ ಕಡೆಗೋ ಇನ್ನೊಂದು. ಇವೆಲ್ಲದರ ತಂತಿಗಳು ಬಯಲಿನ ಒಂದು ಮೂಲೆಯ ಮೇಜಿಗೆ ಬಂದು ಸೇರುತ್ತವೆ. ಅಲ್ಲಿ ಒಂದು ಲ್ಯಾಪ್‌ಟಾಪು, ಅದರೊಳಗೆ ಒಬಿಎಸ್ ಸ್ಟುಡಿಯೋ ಅಥವಾ ವಿಮಿಕ್ಸ್‌ನಂಥ ತಂತ್ರಾಂಶ. ಒಬಿಎಸ್ 2012ರಲ್ಲಿ ಶುರುವಾದ, ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ಮುಕ್ತ ತಂತ್ರಾಂಶ. ವಿಮಿಕ್ಸ್ ಆಸ್ಟ್ರೇಲಿಯಾದ ಕಂಪೆನಿಯೊಂದರದು, ದುಡ್ಡು ಕೊಟ್ಟು ಕೊಳ್ಳುವಂಥದ್ದು. ಪಕ್ಕದಲ್ಲಿ ಅಂಗೈಯಗಲದ ಒಂದು ಬಟನ್ ಪೆಟ್ಟಿಗೆಯೂ ಇರಬಹುದು. ಈ ಜಾತಿಯಲ್ಲಿ ಹೆಸರುವಾಸಿಯಾದ ಸ್ಟ್ರೀಮ್ ಡೆಕ್ 2017ರಲ್ಲಿ ಮಾರುಕಟ್ಟೆಗೆ ಬಂದಾಗ ಅದರಲ್ಲಿ 15 ಬಟನ್‌ಗಳಿದ್ದವು. ಪ್ರತಿ ಬಟನ್ ಒಂದು ಪುಟ್ಟ ಪರದೆ. ಅದರ ಮೇಲೆ ನಮಗೆ ಬೇಕಾದ ಹೆಸರು ಬರೆದುಕೊಳ್ಳಬಹುದು. ಪೆಟ್ಟಿಗೆ ಕೊಳ್ಳಲಾಗದವರು ಕೀಬೋರ್ಡಿನ ಅಂಕಿಗಳಿಗೇ ಈ ಕೆಲಸ ಹಚ್ಚುತ್ತಾರೆ.

ಬಟನ್ ಅಂದರೆ ಸ್ವಿಚ್ಚಲ್ಲ. ಮನೆಯ ಸ್ವಿಚ್ಚು ಒಂದು ದೀಪವನ್ನು ಹೊತ್ತಿಸುತ್ತದೆ. ಇಲ್ಲಿ ಒಂದು ಬಟನ್ನಿನ ಹಿಂದೆ ಹಲವು ಆಜ್ಞೆಗಳನ್ನು ಸಾಲಾಗಿ ಬರೆದಿಡಬಹುದು. ವಿಮಿಕ್ಸ್ ತನ್ನದೇ ಸ್ಕ್ರಿಪ್ಟ್ ಬರೆಯುವ ಅವಕಾಶ ಕೊಡುತ್ತದೆ. ಒಬಿಎಸ್ ಲುವಾ ಮತ್ತು ಪೈಥಾನ್ ಭಾಷೆಗಳಲ್ಲಿ ಬರೆದ ಸ್ಕ್ರಿಪ್ಟನ್ನು ಒಪ್ಪಿಕೊಳ್ಳುತ್ತದೆ. ಭಾಷೆ ಯಾವುದಾದರೂ ಒಳಗಿನ ಪದಸಂಪತ್ತು ತೀರ ಚಿಕ್ಕದು. ಈ ಕ್ಯಾಮೆರಾಕ್ಕೆ ಹೋಗು, ಕತ್ತರಿಸು ಅಥವಾ ಕರಗಿಸು, ಈ ಅಕ್ಷರಪಟ್ಟಿ ತೋರಿಸು, ಈ ಮೈಕ್ ಏರಿಸು, ಇಷ್ಟು ಹೊತ್ತು ಕಾಯು. ಇಷ್ಟೇ. ಆದರೆ ಎಷ್ಟೇ ಚಿಕ್ಕದಾದರೂ ಅದು ಬರವಣಿಗೆ. ಆಟ ಶುರುವಾಗುವುದಕ್ಕೆ ಎಷ್ಟೋ ದಿನ ಮೊದಲು ಮನೆಯಲ್ಲಿ ಕೂತು ಬರೆದದ್ದು. ಆ ಬರವಣಿಗೆಯಲ್ಲಿ ಯಕ್ಷಗಾನ ಎಂದರೇನು ಎಂಬ ಒಂದು ಅಭಿಪ್ರಾಯ ಅಡಗಿರುತ್ತದೆ. ಕವಿತೆಯನ್ನು ಓದುವ ಹಾಗೆ ಅದನ್ನೂ ಓದಬಹುದು.

ಮಾದರಿಗೆಂದು ಒಂದು ಬಟನ್ನನ್ನು ಊಹಿಸಿಕೊಳ್ಳೋಣ. ಅದರ ಹೆಸರು ‘ಪದ್ಯ’. ಅದರ ಹಿಂದೆ ಆರು ಸಾಲು ಬರೆದಿದೆ ಎನ್ನೋಣ. ಒಂದು, ಭಾಗವತರ ಕ್ಯಾಮೆರಾವನ್ನು ಸಿದ್ಧ ಮಾಡು. ಎರಡು, ಅರ್ಧ ಸೆಕೆಂಡಿನಲ್ಲಿ ಆ ಚಿತ್ರಕ್ಕೆ ಕರಗು. ಮೂರು, ಭಾಗವತರ ಹೆಸರಿನ ಪಟ್ಟಿಯನ್ನು ಕೆಳಗೆ ತೋರಿಸು. ನಾಲ್ಕು, ಎಂಟು ಸೆಕೆಂಡ್ ಕಾಯು. ಐದು, ಪಟ್ಟಿಯನ್ನು ತೆಗೆ. ಆರು, ವೇಷಧಾರಿಯ ಮುಖದ ಕ್ಯಾಮೆರಾಕ್ಕೆ ಕತ್ತರಿಸು.

ನೋಡಲು ಅಚ್ಚುಕಟ್ಟು. ಒಂದು ಬೆರಳಿನ ಕೆಲಸ. ಬಟನ್ ಒತ್ತಿದವನು ಆ ಎಂಟು ಸೆಕೆಂಡಿನಲ್ಲಿ ಧ್ವನಿ ಸರಿ ಇದೆಯೇ, ಇಂಟರ್‌ನೆಟ್ ನಿಂತಿಲ್ಲವೇ ಎಂದು ನೋಡಿಕೊಳ್ಳಬಹುದು. ಈಗ ನಾಲ್ಕನೆಯ ಸಾಲಿಗೆ ಬನ್ನಿ. ಎಂಟು ಸೆಕೆಂಡ್ ಎಲ್ಲಿಂದ ಬಂತು? ಅದು ಹೆಸರಿನ ಪಟ್ಟಿಯನ್ನು ಓದಲು ಬೇಕಾದ ಸಮಯ. ಅಂದರೆ ಈ ಸ್ಕ್ರಿಪ್ಟಿನ ಪ್ರಕಾರ ಭಾಗವತರನ್ನು ತೋರಿಸುವುದು ಅವರ ಹೆಸರು ತಿಳಿಸುವುದಕ್ಕಾಗಿ. ಹೆಸರು ತಿಳಿದ ಮೇಲೆ ಅವರಿಂದ ಆಗಬೇಕಾದ ಕೆಲಸ ಕಣ್ಣಿಗೆ ಇಲ್ಲ, ಕಿವಿಗೆ ಮಾತ್ರ. ಪದ್ಯದ ಎತ್ತುಗಡೆ ಆಗಿ ಪಲ್ಲವಿ ಇನ್ನೂ ನೆಲೆ ನಿಂತಿರುವುದಿಲ್ಲ, ಅಷ್ಟರಲ್ಲಿ ಆರನೆಯ ಸಾಲು ನಮ್ಮನ್ನು ಎಳೆದುಕೊಂಡು ಹೋಗಿ ವೇಷದ ಮುಖದ ಮುಂದೆ ನಿಲ್ಲಿಸಿರುತ್ತದೆ. ಭಾಗವತರು ಹಾಡುಗಾರ, ವೇಷಧಾರಿ ನಟ, ಹಾಡುಗಾರ ಹಿನ್ನೆಲೆಗೆ ಸೇರಿದವನು. ಈ ಮೂರು ನಂಬಿಕೆಗಳನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ‘ಎಂಟು ಸೆಕೆಂಡ್ ಕಾಯು’ ಎಂಬ ಸಾಲು ಹೇಳಿತು.

ಯಕ್ಷಗಾನದ ಒಳಗಿನವರು ಭಾಗವತರನ್ನು ಮೊದಲನೆಯ ವೇಷ ಎನ್ನುತ್ತಾರೆ. ಅದು ಗೌರವಕ್ಕೆ ಆಡುವ ಮಾತಲ್ಲ. ತೆಂಕುತಿಟ್ಟಿನಲ್ಲಿ ಜಾಗಟೆ ಹಿಡಿದು ಕೂತ ಭಾಗವತರೇ ಆಟವನ್ನು ನಡೆಸುವವರು. ಯಾವ ಪದ್ಯ ಹೇಳಬೇಕು, ಯಾವುದನ್ನು ಬಿಡಬೇಕು, ವೇಷಧಾರಿಗೆ ಮಾತಿಗೆ ಎಷ್ಟು ಅವಕಾಶ ಕೊಡಬೇಕು, ಮಾತು ಎಲ್ಲಿ ಸಾಕಾಯಿತು ಎಂದು ಮುಂದಿನ ಪದ್ಯ ಎತ್ತಬೇಕು, ಇದೆಲ್ಲ ಅವರ ತೀರ್ಮಾನ. ಪ್ರಸಂಗ ಪುಸ್ತಕದಲ್ಲಿ ಪದ್ಯಗಳು ಬರೆದಿರುತ್ತವೆ. ಮಾತು ಬರೆದಿರುವುದಿಲ್ಲ, ಕುಣಿತದ ಸುತ್ತುಗಳು ಎಷ್ಟೆಂದು ಬರೆದಿರುವುದಿಲ್ಲ. ಬಿಡ್ತಿಗೆ ಯಾವಾಗ, ಮುಕ್ತಾಯ ಯಾವಾಗ ಎಂಬುದು ಭಾಗವತ, ಚೆಂಡೆ, ಮದ್ದಳೆ, ವೇಷ ಇವರ ನಡುವಿನ ಕಣ್ಣಸನ್ನೆಯಲ್ಲಿ ಆ ಹೊತ್ತಿಗೆ ನಿರ್ಧಾರವಾಗುತ್ತದೆ. ಅರ್ಧ ಬರೆದದ್ದು, ಅರ್ಧ ಆ ಹೊತ್ತಿನದು. ಬಯಲಿನ ಮೂಲೆಯ ಮೇಜಿನ ಮೇಲಿರುವುದೂ ಇಂಥದ್ದೇ ಒಂದು ವ್ಯವಸ್ಥೆ. ಸಾಲುಗಳನ್ನು ಮೊದಲೇ ಬರೆದಿಟ್ಟಿದೆ, ಒತ್ತುವ ಗಳಿಗೆ ಮಾತ್ರ ಕೈಯಲ್ಲಿದೆ. ಹೀಗಿದ್ದೂ ಎರಡು ವ್ಯವಸ್ಥೆಗಳಿಗೆ ಪರಸ್ಪರ ಮಾತುಕತೆ ಇಲ್ಲ ಎನ್ನುವುದು ನನಗೆ ಕಾಣುವ ದೊಡ್ಡ ಕೊರತೆ.

ಪದ್ಯದ ಹೊತ್ತಿನಲ್ಲಿ ರಂಗಸ್ಥಳದಲ್ಲಿ ಏನು ನಡೆಯುತ್ತದೆ ಎಂದು ಯೋಚಿಸಿ. ದೇವಿಯ ಮಾತನ್ನು ಭಾಗವತರು ಹಾಡುತ್ತಿದ್ದಾರೆ. ದೇವಿಯ ವೇಷಧಾರಿ ಅದಕ್ಕೆ ಕುಣಿಯುತ್ತಿದ್ದಾರೆ, ಬಾಯಿ ಮುಚ್ಚಿದೆ. ಪದ್ಯ ಮುಗಿದ ಮೇಲೆ ಅದೇ ಮಾತನ್ನು ವೇಷಧಾರಿ ತನ್ನ ಅರ್ಥದಲ್ಲಿ ಬೆಳೆಸುತ್ತಾರೆ. ಒಂದು ಪಾತ್ರ ಇಬ್ಬರಲ್ಲಿ ಹಂಚಿಹೋಗಿದೆ. ದನಿ ಒಬ್ಬರದು, ಮೈ ಇನ್ನೊಬ್ಬರದು, ಅವೆರಡೂ ಸೇರುವುದು ನೋಡುವವರ ಮನಸ್ಸಿನಲ್ಲಿ. ಬಯಲಲ್ಲಿ ಕೂತವರ ಕಣ್ಣಿನ ಅಳತೆಯಲ್ಲಿ ಇಬ್ಬರೂ ಸದಾ ಇರುತ್ತಾರೆ, ಆದ್ದರಿಂದ ಈ ಸೇರುವಿಕೆ ತಾನಾಗಿ ಆಗುತ್ತದೆ. ಮುಖದಿಂದ ಮುಖಕ್ಕೆ ಜಿಗಿಯುವ ಬಟನ್ ಒಂದಾಗಿದ್ದುದನ್ನು ಎರಡು ಮಾಡಿ ಕೊಡುತ್ತದೆ: ಒಮ್ಮೆ ಮೈಯಿಲ್ಲದ ದನಿ, ಒಮ್ಮೆ ದನಿಯಿಲ್ಲದ ಮೈ.

ಈ ವ್ಯಾಕರಣ ಯಕ್ಷಗಾನದ್ದಲ್ಲ, ಸಂದರ್ಶನದ್ದು. ಈ ತಂತ್ರಾಂಶಗಳು ಬೆಳೆದದ್ದು ವಿಡಿಯೋ ಗೇಮ್ ಆಡಿ ತೋರಿಸುವವರ, ಮೇಜಿನ ಸುತ್ತ ಕೂತು ಹರಟುವವರ, ಪ್ರಾರ್ಥನಾ ಸಭೆ ಮತ್ತು ಕ್ರೀಡೆ ಪ್ರಸಾರ ಮಾಡುವವರ ನಡುವೆ. ಅಲ್ಲಿ ಮಾತಾಡುವವನ ಮುಖವನ್ನು ತೋರಿಸು ಎಂಬುದೇ ಮೊದಲ ನಿಯಮ. ಯಾರ ಮೈಕಿನಲ್ಲಿ ಸದ್ದು ಹೆಚ್ಚಿದೆಯೋ ಅವರ ಕ್ಯಾಮೆರಾಕ್ಕೆ ತಾನಾಗಿ ಹೋಗುವಂತೆ ಒಬಿಎಸ್‌ಗೆ ಕಲಿಸಿಕೊಡುವ ಸೌಲಭ್ಯವೂ ಇದೆ. ಹರಟೆಗೆ ಅದು ಒದಗುತ್ತದೆ. ಅದನ್ನು ಬಯಲಾಟಕ್ಕೆ ಹಚ್ಚಿದರೆ ಯಂತ್ರ ಚೆಂಡೆಯವರನ್ನು ಬಿಟ್ಟು ಅಲುಗಾಡಲಿಕ್ಕಿಲ್ಲ. ಏರುಪದ್ಯದ ಹೊತ್ತಿಗಂತೂ ರಂಗಸ್ಥಳದಲ್ಲಿ ಯಾರು ಯಾರನ್ನು ಕೊಂದರು ಎಂಬುದು ಮನೆಯಲ್ಲಿ ಕೂತವರಿಗೆ ತಿಳಿಯುವ ಹಾಗಿಲ್ಲ. ನಗಬಹುದಾದ ಸಂಗತಿ, ಆದರೆ ಕೈಯಿಂದ ಒತ್ತುವ ಬಟನ್‌ಗಳ ಹಿಂದೆಯೂ ಇದೇ ನಿಯಮ ಹೆಚ್ಚು ಸೌಮ್ಯವಾಗಿ ಕೂತಿರುತ್ತದೆ.

ಮೇಜಿನ ಹಿಂದೆ ಕೂತವರ ಕಷ್ಟವನ್ನು ಮರೆತು ಈ ಮಾತನ್ನು ಮುಂದುವರಿಸುವುದು ನ್ಯಾಯವಲ್ಲ. ಸಂಜೆ ತಂತಿ ಎಳೆಯಲು ಬಂದವರು ಮಂಗಳದ ಪದ್ಯ ಮುಗಿದ ಮೇಲೆ ತಂತಿ ಸುತ್ತಿಕೊಂಡು ಹೋಗಬೇಕು. ಕ್ಯಾಮೆರಾ ಬದಲಿಸುವುದು, ಧ್ವನಿ, ಹೆಸರುಪಟ್ಟಿ, ಜಾಹೀರಾತು ಇವೆಲ್ಲ ಹಲವು ಸಲ ಒಬ್ಬರ ತಲೆಯ ಮೇಲೆಯೇ ಇರುತ್ತವೆ. ಸ್ಕ್ರಿಪ್ಟ್ ಇಲ್ಲದೆ ಈ ಕೆಲಸ ಸಾಗದು. ನೋಡುವವರಲ್ಲಿ ಹೆಚ್ಚಿನವರ ಕೈಯಲ್ಲಿರುವುದು ಮೊಬೈಲು. ರಂಗಸ್ಥಳವನ್ನು ಪೂರ್ತಿ ತೋರಿಸುವ ಚಿತ್ರದಲ್ಲಿ ವೇಷದ ಮುಖ ಉದ್ದಿನ ಕಾಳಿನಷ್ಟು ಕಾಣುತ್ತದೆ. ಮುಖವರ್ಣಿಕೆಯ ಗೆರೆಗಳು, ಕಣ್ಣಿನ ಚಲನೆ, ಬಯಲಿನ ಹಿಂದಿನ ಸಾಲಿನಲ್ಲಿ ಕೂತವರಿಗೆ ಎಂದೂ ಕಾಣದಿದ್ದದ್ದು, ಈಗ ಮುಂಬಯಿಯ ಕೋಣೆಯಲ್ಲಿ, ದುಬೈಯ ಬಸ್ಸಿನಲ್ಲಿ ಕೂತವರಿಗೂ ಕಾಣುತ್ತಿದೆ. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದು ಮೇಳಗಳು ತಿರುಗಾಟವನ್ನು ಅರ್ಧಕ್ಕೆ ನಿಲ್ಲಿಸಿದಾಗ ಕಲೆಯನ್ನು ಜನರ ಕಣ್ಣೆದುರು ಉಳಿಸಿದ್ದರಲ್ಲಿ ಈ ಲೈವ್ ಮಾಡುವವರ ಪಾಲು ಸಣ್ಣದಲ್ಲ. ಆದ್ದರಿಂದ ಪ್ರಶ್ನೆ ಬಟನ್ ಬೇಕೇ ಬೇಡವೇ ಎಂಬುದಲ್ಲ. ಬಟನ್ನಿನ ಹಿಂದಿನ ಸಾಲುಗಳನ್ನು ಯಾವ ಕಲೆಯ ಒಳಗಿನಿಂದ ಬರೆಯುತ್ತೇವೆ ಎಂಬುದು.

ತೆರೆಯ ಸಂದರ್ಭವನ್ನೇ ತೆಗೆದುಕೊಳ್ಳಿ. ಬಣ್ಣದ ವೇಷ ರಂಗಕ್ಕೆ ಬರುವಾಗ ಇಬ್ಬರು ತೆರೆ ಹಿಡಿದು ನಿಲ್ಲುತ್ತಾರೆ. ವೇಷ ಅದರ ಹಿಂದೆ ಕುಣಿಯುತ್ತದೆ. ಮೇಲಂಚಿನಲ್ಲಿ ಕಿರೀಟದ ತುದಿ, ಕೆಳಗೆ ಗೆಜ್ಜೆಯ ಕಾಲು, ಇಷ್ಟಿಷ್ಟೇ ಕಂಡು ಮರೆಯಾಗುತ್ತಾ ಕೊನೆಗೆ ಪೂರ್ತಿ ಮುಖ. ಕಾಣದಂತೆ ಮಾಡುವುದೇ ಇಲ್ಲಿ ಕಾಣಿಸುವ ವಿಧಾನ. ಸೈಡಿನಲ್ಲಿ ಒಂದು ಕ್ಯಾಮೆರಾ ಇದ್ದು, ಬದಲಿಸುವವರಿಗೆ ‘ಒಂದೇ ಚಿತ್ರ ತುಂಬ ಹೊತ್ತಾಯಿತು’ ಎನ್ನಿಸಿ ಅದಕ್ಕೆ ಹೋದರೋ, ತೆರೆಯ ಹಿಂದಿನ ವೇಷ ಪೂರ್ತಿ ಕಂಡುಬಿಡುತ್ತದೆ. ಕತೆ ಮುಗಿಯಿತು. ಇಲ್ಲಿ ಸ್ಕ್ರಿಪ್ಟ್ ಉಪಕಾರ ಮಾಡಬಲ್ಲದು. ‘ತೆರೆ’ ಎಂಬ ಬಟನ್ ಒತ್ತಿದ ಮೇಲೆ ಅದನ್ನು ಬಿಡಿಸುವವರೆಗೆ ಸೈಡಿನ ಕ್ಯಾಮೆರಾದ ಬಟನ್ ಕೆಲಸ ಮಾಡಕೂಡದು ಎಂದು ಒಂದು ಷರತ್ತು ಬರೆದಿಡುವುದು ಕಷ್ಟವಲ್ಲ. ಸ್ಕ್ರಿಪ್ಟ್ ಎಂದರೆ ಮಾಡಬೇಕಾದ್ದರ ಪಟ್ಟಿ ಎಂದುಕೊಳ್ಳುವ ನಮಗೆ, ಮಾಡಬಾರದ್ದನ್ನೂ ಅದರಲ್ಲಿ ಬರೆಯಬಹುದು ಎಂಬುದು ಹೊಳೆಯುವುದು ಕಲೆಯನ್ನು ಬಲ್ಲಾಗ ಮಾತ್ರ.

ಇನ್ನು ಮಹಿಷಾಸುರ. ಕಟೀಲು ಮೇಳಗಳ ಹರಕೆ ಆಟಗಳಲ್ಲಿ ಬಹಳವಾಗಿ ಆಡಿಸುವ ‘ಶ್ರೀದೇವಿ ಮಹಾತ್ಮೆ’ಯಲ್ಲಿ ಮಹಿಷಾಸುರ ರಂಗಸ್ಥಳದ ಹಿಂದಿನಿಂದ ಬರುವುದಿಲ್ಲ. ಸಭೆಯ ಬೆನ್ನ ಹಿಂದಿನಿಂದ ಬರುತ್ತಾನೆ, ದೊಂದಿಗಳ ಬೆಳಕಿನಲ್ಲಿ, ರಾಳದ ಪುಡಿಯ ಬೆಂಕಿಯ ನಡುವೆ, ಆರ್ಭಟಿಸುತ್ತಾ, ಜನರನ್ನು ಸೀಳಿಕೊಂಡು. ನಿದ್ದೆ ಹೋಗಿದ್ದ ಮಕ್ಕಳನ್ನು ಈ ಹೊತ್ತಿಗೆ ಎಬ್ಬಿಸುವುದು ಕರಾವಳಿಯ ವಾಡಿಕೆ. ಈ ಪ್ರವೇಶದ ಶಕ್ತಿ ಇರುವುದು ಕ್ರಮದಲ್ಲಿ. ಮೊದಲು ಬೆನ್ನ ಹಿಂದೆ ಸದ್ದು, ಆಮೇಲೆ ಕತ್ತು ತಿರುಗುವುದು, ಆಮೇಲೆ ಕಾಣುವುದು. ಇಷ್ಟು ಹೊತ್ತು ಎದುರಿಗಿದ್ದ ಕತೆ ನಮ್ಮ ಹಿಂದೆಯೂ ಇತ್ತು ಎಂದು ಗೊತ್ತಾಗುವ ಗಳಿಗೆ ಅದು.

ಲೈವ್‌ನಲ್ಲಿ ಈ ಸಂದರ್ಭಕ್ಕೆ ಪ್ರತ್ಯೇಕ ಕ್ಯಾಮೆರಾ ಇಡುವುದುಂಟು, ಪ್ರತ್ಯೇಕ ಬಟನ್ನೂ ಇರಬಹುದು. ಪ್ರಸಂಗ ಗೊತ್ತಿರುವ ಆಪರೇಟರು ಮೊದಲೇ ಆ ಕ್ಯಾಮೆರಾಕ್ಕೆ ಹೋಗಿ ಕಾಯುತ್ತಾರೆ. ಪರಿಣಾಮವಾಗಿ ಮನೆಯಲ್ಲಿ ಕೂತವರು ಮಹಿಷನನ್ನು ಸಭೆಗಿಂತ ಮೊದಲು ನೋಡುತ್ತಾರೆ. ದೊಂದಿ ಹೊತ್ತಿಸುವುದನ್ನೂ ಕಿರೀಟ ಸರಿಪಡಿಸಿಕೊಳ್ಳುವುದನ್ನೂ ನೋಡುತ್ತಾರೆ. ಏನೂ ತಪ್ಪಿಸಿಕೊಳ್ಳದಂತೆ ತೋರಿಸಬೇಕೆಂಬ ಶ್ರದ್ಧೆಯೇ ಇಲ್ಲಿ ಮುಖ್ಯವಾದದ್ದನ್ನು ತಪ್ಪಿಸುತ್ತದೆ. ನಾನಾದರೆ ಈ ಬಟನ್ನನ್ನು ಹೀಗೆ ಬರೆಯಲು ಹೇಳುತ್ತೇನೆ: ಸಭೆಯ ಹಿಂದಿನ ಮೈಕನ್ನು ಏರಿಸು, ಚಿತ್ರ ರಂಗಸ್ಥಳದಲ್ಲೇ ಇರಲಿ, ನಾಲ್ಕು ಸೆಕೆಂಡ್ ಕಾಯು, ಆಮೇಲೆ ಹಿಂದಿನ ಕ್ಯಾಮೆರಾಕ್ಕೆ ಕತ್ತರಿಸು. ಪದ್ಯದ ಬಟನ್ನಿನಲ್ಲಿ ಇರಬಾರದ ಕಡೆ ಇದ್ದ ‘ಕಾಯು’ ಇಲ್ಲಿ ಇರಬೇಕಾದ ಕಡೆ ಬಂದಿದೆ. ಆಜ್ಞೆ ಅದೇ, ಯಂತ್ರ ಅದೇ. ಒಂದರಲ್ಲಿ ಅದು ಹೆಸರುಪಟ್ಟಿಗೆ ಕಾಯುತ್ತದೆ, ಇನ್ನೊಂದರಲ್ಲಿ ಪ್ರೇಕ್ಷಕನ ಕತ್ತು ತಿರುಗಲು ಕಾಯುತ್ತದೆ. ಬಟನ್ ಬರೆದವರ ರಸಜ್ಞತೆಯನ್ನು ಅಳೆಯಬೇಕಾದರೆ ಅವರ ಸ್ಕ್ರಿಪ್ಟಿನಲ್ಲಿ ಈ ಒಂದು ಪದ ಎಲ್ಲೆಲ್ಲಿ ಬಂದಿದೆ ಎಂದು ಹುಡುಕಿದರೆ ಸಾಕು.

ಮಾತಿನ ಭಾಗಕ್ಕೂ ಇದೇ ಅನ್ವಯಿಸುತ್ತದೆ. ಅರ್ಥಗಾರಿಕೆ ಒಬ್ಬರ ಭಾಷಣವಲ್ಲ, ಇದಿರು ಪಾತ್ರದೊಂದಿಗಿನ ಜಟಾಪಟಿ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು (1918–2006) ತಾಳಮದ್ದಳೆಯನ್ನು ಆ ಎತ್ತರಕ್ಕೆ ಒಯ್ದದ್ದು ಇದಿರಾಳಿಯ ಮಾತಿನ ಎಳೆಯನ್ನು ಹಿಡಿದು ತಿರುಗಿಸುವ ಶಕ್ತಿಯಿಂದ. ಅಂದರೆ ಉತ್ತರ ಹುಟ್ಟುವುದು ಕೇಳಿಸಿಕೊಳ್ಳುತ್ತಿರುವಾಗ. ತಾಳಮದ್ದಳೆಯಲ್ಲಂತೂ ವೇಷವಿಲ್ಲ, ಕುಣಿತವಿಲ್ಲ, ನೋಡಲು ಇರುವುದೇ ಮುಖಗಳು. ಮಾತಾಡುವವರ ಮುಖಕ್ಕೆ ಬಟನ್ ಇದೆ. ಕೇಳುತ್ತಿರುವವರ ಮುಖಕ್ಕೆ ಬಟನ್ ಬಹುತೇಕ ಇರುವುದೇ ಇಲ್ಲ. ಹುಬ್ಬು ಸ್ವಲ್ಪ ಏರಿದ್ದು, ನಗು ತಡೆದದ್ದು, ಭಾಗವತರ ಕಡೆ ಒಮ್ಮೆ ನೋಡಿದ್ದು, ಇವು ದಾಖಲೆಗೆ ಬರುವುದಿಲ್ಲ. ಮುಂದೆ ಈ ದಾಖಲೆಯನ್ನು ಬರಹಕ್ಕಿಳಿಸಿ ಸಂಶೋಧನೆ ಮಾಡುವ ವಿದ್ಯಾರ್ಥಿಗೆ ಉತ್ತರ ಸಿಗುತ್ತದೆ, ಉತ್ತರ ಹುಟ್ಟಿದ ಜಾಗ ಸಿಗುವುದಿಲ್ಲ.

ಜಾಹೀರಾತಿನ ಬಟನ್ನನ್ನೂ ಓದದೆ ಬಿಡುವಂತಿಲ್ಲ. ಲೈವ್‌ಗೆ ಖರ್ಚಿದೆ, ಹರಕೆಯವರು ಸ್ವಲ್ಪ ಕೊಟ್ಟರೆ ಉಳಿದದ್ದು ಪ್ರಾಯೋಜಕರಿಂದ ಬರಬೇಕು. ಚಿತ್ರವನ್ನು ಕುಗ್ಗಿಸಿ ಪಕ್ಕದಲ್ಲೂ ಕೆಳಗೂ ಜ್ಯುವೆಲ್ಲರಿ, ಕ್ಯಾಟರಿಂಗು, ಪೆಂಡಾಲಿನವರ ಹೆಸರು ಹಾಕುವುದು ಅದರ ದಾರಿ. ಇದರಲ್ಲಿ ಅವಮಾನ ಏನೂ ಇಲ್ಲ, ಬಯಲಾಟ ಎಂದೂ ಯಾರಾದರೊಬ್ಬರ ಖರ್ಚಿನಲ್ಲೇ ನಡೆದಿದೆ. ಆದರೆ ಆ ಬಟನ್ನನ್ನು ಹತ್ತು ನಿಮಿಷಕ್ಕೊಮ್ಮೆ ತಾನಾಗಿ ಒತ್ತಿಕೊಳ್ಳುವಂತೆ ಬರೆದಿಟ್ಟರೆ ಅದು ದೇವಿಯ ಉಯ್ಯಾಲೆಯ ಪದ್ಯಕ್ಕೂ ಬರುತ್ತದೆ, ರಕ್ತಬೀಜನ ಕೊನೆಯ ಮಾತಿಗೂ ಬರುತ್ತದೆ. ಯಂತ್ರಕ್ಕೆ ಗಡಿಯಾರ ಗೊತ್ತು, ಪ್ರಸಂಗ ಗೊತ್ತಿಲ್ಲ. ಮುಕ್ತಾಯ ಆದ ಮೇಲೆ ಮುಂದಿನ ಎತ್ತುಗಡೆಯ ಮೊದಲು ಒಂದು ಉಸಿರಿನ ಜಾಗ ಇರುತ್ತದೆ. ಜಾಹೀರಾತನ್ನು ಅಲ್ಲಿಗೆ ಕಟ್ಟಿದರೆ ಪ್ರಾಯೋಜಕರ ಹೆಸರಿಗೂ ಮರ್ಯಾದೆ.

ಯಕ್ಷಗಾನವನ್ನು ಕತ್ತರಿಸಿದವರಲ್ಲಿ ಲೈವ್‌ನವರು ಮೊದಲಿಗರಲ್ಲ. ಧ್ವನಿವರ್ಧಕಕ್ಕೆ ರಾತ್ರಿ ಹತ್ತರ ಮಿತಿ ಹೇರಿದ 2000ದ ಶಬ್ದಮಾಲಿನ್ಯ ನಿಯಮಗಳ ಒತ್ತಡವೂ ಸೇರಿ, ಬೆಳಗಿನವರೆಗೆ ನಡೆಯುತ್ತಿದ್ದ ಆಟಗಳು ಹಲವು ಕಡೆ ಕಾಲಮಿತಿಗೆ ಬಂದಿವೆ. ಅದಕ್ಕೂ ಹಿಂದೆ ಕ್ಯಾಸೆಟ್ಟು ಬಂದು ಪ್ರಸಂಗವನ್ನು ಒಂದು ಗಂಟೆಯ, ಒಂದೂವರೆ ಗಂಟೆಯ ಅಳತೆಗೆ ತಂದಿತ್ತು. 1976ರಲ್ಲಿ ಶುರುವಾದ ಮಂಗಳೂರು ಆಕಾಶವಾಣಿಯ ಯಕ್ಷಗಾನ ಕಾರ್ಯಕ್ರಮಗಳಿಗೂ ಗಡಿಯಾರದ ಅಂಕೆ ಇತ್ತು. ಇನ್ನೂ ಧೈರ್ಯದ ಕತ್ತರಿ ಶಿವರಾಮ ಕಾರಂತರದು. 1957ರಲ್ಲಿ ‘ಯಕ್ಷಗಾನ ಬಯಲಾಟ’ ಎಂಬ ದೊಡ್ಡ ಅಧ್ಯಯನವನ್ನು ಪ್ರಕಟಿಸಿದ, ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಕಾರಂತರು, ತಮ್ಮ ರಂಗಪ್ರಯೋಗಗಳಲ್ಲಿ ಮಾತನ್ನೇ ಬಿಟ್ಟು ಆಟವನ್ನು ಕೆಲವೇ ಗಂಟೆಗಳಿಗೆ ಇಳಿಸಿದರು, ಪಿಟೀಲು, ಸ್ಯಾಕ್ಸೊಫೋನ್ ಸೇರಿಸಿದರು. ಒಪ್ಪಿದವರಿದ್ದರು, ಸಿಟ್ಟಾದವರಿದ್ದರು. ಆ ವಾಗ್ವಾದದಿಂದ ಯಕ್ಷಗಾನ ವಿಮರ್ಶೆ ಬೆಳೆಯಿತು. ಅದು ಸಾಧ್ಯವಾದದ್ದು ಕಾರಂತರು ತಾವು ಏನನ್ನು, ಏಕೆ ತೆಗೆದೆ ಎಂದು ಹೇಳಿ ಅದರ ಕೆಳಗೆ ತಮ್ಮ ಹೆಸರು ಹಾಕಿದ್ದರಿಂದ. ‘ಎಂಟು ಸೆಕೆಂಡ್ ಕಾಯು’ ಎಂಬ ಸಾಲಿನ ಕೆಳಗೆ ಯಾರ ಹೆಸರೂ ಇಲ್ಲ. ಹೆಸರಿಲ್ಲದ ಕತ್ತರಿಯೊಂದಿಗೆ ಜಗಳ ಆಡುವುದು ಹೇಗೆ?

ಕನ್ನಡ ಎಂಎ ಮಾಡುವವರಿಗೆ ಡಿ. ಎಲ್. ನರಸಿಂಹಾಚಾರ್ ಅವರ ‘ಕನ್ನಡ ಗ್ರಂಥ ಸಂಪಾದನೆ’ ಪರಿಚಿತ. ಹಳೆಯ ಕಾವ್ಯವೊಂದು ನಮ್ಮವರೆಗೆ ಬಂದದ್ದು ಲಿಪಿಕಾರರ ಕೈಯಿಂದ ಕೈಗೆ. ಪ್ರತಿ ಕೈಯೂ ಏನನ್ನೋ ಬಿಡುತ್ತದೆ, ಏನನ್ನೋ ಸೇರಿಸುತ್ತದೆ. ಸಂಪಾದಕನಾದವನು ಆ ಬಿಟ್ಟುಹೋದದ್ದಕ್ಕೂ ಕಾರಣ ಹುಡುಕಬೇಕು. ಸಾಲು ನಕಲು ಮಾಡುವಾಗ ಒಂದೇ ಪದ ಎರಡು ಕಡೆ ಬಂದರೆ ಲಿಪಿಕಾರನ ಕಣ್ಣು ಮೊದಲನೆಯದರಿಂದ ಎರಡನೆಯದಕ್ಕೆ ಜಿಗಿದು ನಡುವಿನ ಸಾಲುಗಳು ಮಾಯವಾಗುವುದು ಎಲ್ಲ ಭಾಷೆಯ ಹಸ್ತಪ್ರತಿಗಳಲ್ಲೂ ಕಂಡುಬರುವ ಸಂಗತಿ. ವೇಷದ ಮುಖದಿಂದ ಹೊರಟು ಎಂಟು ಸೆಕೆಂಡಿಗೆ ಮತ್ತೆ ವೇಷದ ಮುಖಕ್ಕೇ ಬಂದು ನಿಲ್ಲುವ ಬಟನ್ ಈ ಜಿಗಿತವನ್ನು ಪ್ರತಿ ಪದ್ಯಕ್ಕೂ, ಎಂದೂ ದಣಿಯದೆ, ಒಂದೇ ಥರ ಮಾಡುತ್ತದೆ. ಲೈವ್ ಆಪರೇಟರು ನಮ್ಮ ಕಾಲದ ಲಿಪಿಕಾರರು. ಓಲೆಯ ಲಿಪಿಕಾರರು ಪ್ರತಿಯ ಕೊನೆಗೆ ತಮ್ಮ ಹೆಸರು, ಕಾಲ ಬರೆದು, ತಪ್ಪಿದ್ದರೆ ತಿದ್ದಿಕೊಳ್ಳಿ ಎಂದು ಕೇಳಿಕೊಳ್ಳುತ್ತಿದ್ದದ್ದುಂಟು. ಇವರಿಗೆ ಅಂಥ ಜಾಗವನ್ನು ನಾವು ಕೊಟ್ಟಿಲ್ಲ.

ಏನು ಮಾಡಬಹುದು? ತಂತ್ರಾಂಶದಲ್ಲೇ ಇರುವ ಮೂರು ಸಂಗತಿಗಳನ್ನು ಬಳಸಿಕೊಂಡರೆ ಬಹಳಷ್ಟು ಸರಿಹೋಗುತ್ತದೆ. ಮೊದಲನೆಯದು, ಗಡಿಯಾರದ ಬದಲು ಬೆರಳು. ಬಟನ್ ಒತ್ತಿದಾಗ ಒಂದು ಆಜ್ಞೆ, ಬಿಟ್ಟಾಗ ಇನ್ನೊಂದು ಎಂದು ಬೇರೆಬೇರೆಯಾಗಿ ಬರೆಯುವ ಅವಕಾಶ ಕಂಪ್ಯಾನಿಯನ್ ಎಂಬ ಮುಕ್ತ ತಂತ್ರಾಂಶದಲ್ಲಿದೆ. ‘ಪದ್ಯ’ ಬಟನ್ನನ್ನು ಎತ್ತುಗಡೆಗೆ ಒತ್ತಿ ಹಿಡಿದು ಮುಕ್ತಾಯಕ್ಕೆ ಬಿಡುವಂತೆ ಬರೆದರೆ, ಕಾಯುವ ಅವಧಿಯನ್ನು ಭಾಗವತರೇ ನಿರ್ಧರಿಸಿದ ಹಾಗಾಯಿತು. ಜಾಗಟೆಯ ಪೆಟ್ಟಿಗೆ ಬೆರಳು ಓಗೊಡುತ್ತದೆ. ಪದ್ಯದ ಅಷ್ಟೂ ಹೊತ್ತು ಪರದೆಯ ಮೇಲಿರಬೇಕಾದದ್ದು ಭಾಗವತರೂ ವೇಷವೂ ಒಂದೇ ಚೌಕಟ್ಟಿನಲ್ಲಿ ಬರುವ ಚಿತ್ರ. ಅಂಥ ಕೋನಕ್ಕೆ ಒಂದು ಕ್ಯಾಮೆರಾವನ್ನು ಮೊದಲೇ ನಿಲ್ಲಿಸಿಕೊಳ್ಳಬೇಕು.

ಎರಡನೆಯದು, ಎಲ್ಲ ಕ್ಯಾಮೆರಾಗಳ ದಾಖಲೆಯನ್ನು ಬೇರೆಬೇರೆಯಾಗಿ ಉಳಿಸುವುದು. ವಿಮಿಕ್ಸ್‌ನಲ್ಲಿ ಇದಕ್ಕೆ ಮಲ್ಟಿಕಾರ್ಡರ್ ಎಂಬ ಏರ್ಪಾಡು ಇದೆ. ಪ್ರತಿ ಆಟಕ್ಕೂ ಅಷ್ಟು ಹಾರ್ಡ್‌ಡಿಸ್ಕ್ ತುಂಬಿಸುವುದು ಯಾರಿಂದಲೂ ಆಗದ ಕೆಲಸ. ವರ್ಷಕ್ಕೆ ಹತ್ತು ಆಟಗಳಿಗಾದರೂ ಆಸುಪಾ‌ಸಿನ ಕಾಲೇಜುಗಳ ಕನ್ನಡ ವಿಭಾಗಗಳು ಈ ಖರ್ಚನ್ನು ವಹಿಸಿಕೊಳ್ಳಬಹುದು. ಹಾಗೆ ಮಾಡಿದರೆ ಲೈವ್‌ನಲ್ಲಿ ಬಿಟ್ಟುಹೋದ ಹಿಮ್ಮೇಳ, ಕೇಳುವವನ ಮುಖ, ಎಲ್ಲವೂ ಪಾಠಾಂತರಗಳಾಗಿ ಉಳಿಯುತ್ತವೆ. ಮೂಡುಬಿದಿರೆಯ ಹತ್ತಿರದ ಮಾರೂರಿನಲ್ಲಿ ನೆಲೆಸಿದ್ದ ಬಲಿಪ ನಾರಾಯಣ ಭಾಗವತರು 2023ರಲ್ಲಿ ತೀರಿಕೊಂಡರು. ಐದು ದಿನ ಆಡುವಷ್ಟು ವಿಸ್ತಾರದ ದೇವಿ ಮಹಾತ್ಮೆಯನ್ನು ರಚಿಸಿದವರು, ತಮ್ಮ ಮನೆತನದ ಹಾಡುಗಾರಿಕೆಯ ಶೈಲಿಯನ್ನು ಕೊನೆಯವರೆಗೂ ಕಾಪಾಡಿಕೊಂಡವರು. ಅವರ ದನಿಯ ದಾಖಲೆ ಇದೆ. ಆದರೆ ಅಂಥ ಭಾಗವತರು ವೇಷಕ್ಕೆ ಕಣ್ಣಲ್ಲೇ ಕೊಡುವ ಸೂಚನೆಯನ್ನು, ಮದ್ದಳೆಯವರತ್ತ ತಿರುಗಿ ಮಾಡುವ ಸನ್ನೆಯನ್ನು ಕಲಿಯಬೇಕೆನ್ನುವ ಹುಡುಗನಿಗೆ, ಪದ್ಯಕ್ಕೆ ಎಂಟೆಂಟು ಸೆಕೆಂಡಿನ ತುಣುಕುಗಳಿಂದ ಏನು ಸಿಕ್ಕೀತು?

ಮೂರನೆಯದು, ದಿನಚರಿ. ಪ್ರತಿ ಸಲ ಚಿತ್ರ ಬದಲಾದಾಗ ಯಾವ ಗಂಟೆ, ಯಾವ ನಿಮಿಷ, ಯಾವ ಕ್ಯಾಮೆರಾದಿಂದ ಯಾವುದಕ್ಕೆ ಎಂಬುದನ್ನು ಒಂದು ಕಡತಕ್ಕೆ ಬರೆದಿಡುವಂತೆ ಒಬಿಎಸ್‌ನಲ್ಲಿ ಚಿಕ್ಕ ಸ್ಕ್ರಿಪ್ಟ್ ಬರೆಯಬಹುದು. ಪ್ರಸಾರ ಮುಗಿದಾಗ ನಮ್ಮ ಕೈಯಲ್ಲಿ ಒಬ್ಬ ಓದುಗನ ಓದಿನ ದಾಖಲೆ ಇರುತ್ತದೆ. ಒಂದೇ ಪ್ರಸಂಗವನ್ನು ಇಬ್ಬರು ಆಪರೇಟರುಗಳು ಪ್ರಸಾರ ಮಾಡಿದ ಎರಡು ಕಡತಗಳನ್ನು ಪಕ್ಕಪಕ್ಕ ಇಟ್ಟರೆ ತೌಲನಿಕ ಅಧ್ಯಯನಕ್ಕೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಬೇಕೇ? ಚಂಡಮುಂಡರ ಪ್ರವೇಶದಲ್ಲಿ ಒಬ್ಬರು ಹದಿನೈದು ಸಲ ಬದಲಿಸಿದ್ದಾರೆ, ಇನ್ನೊಬ್ಬರು ಎರಡೇ ಸಲ ಎಂದು ಕಂಡರೆ, ಏಕೆ ಎಂದು ಕೇಳಲು ನಮಗೊಂದು ಆಧಾರ ಸಿಕ್ಕಿತು. ಬಟನ್‌ಗಳ ಸ್ಕ್ರಿಪ್ಟನ್ನೂ ಆ ದಿನಚರಿಯನ್ನೂ ಬರೆದವರ ಹೆಸರಿನೊಂದಿಗೆ ವಿಡಿಯೋದ ಕೆಳಗೆ ಹಾಕಿದರೆ ಅದೇ ಈ ಆವೃತ್ತಿಯ ಪೀಠಿಕೆ.

ಇದು ತಂತ್ರಜ್ಞರ ಕೆಲಸ, ನಮಗೇಕೆ ಎಂದು ಸಾಹಿತ್ಯದವರು ಕೈ ತೊಳೆದುಕೊಳ್ಳುವುದು ಸುಲಭ. ಆದರೆ ಮೇಲೆ ಹೇಳಿದ ಯಾವ ತೀರ್ಮಾನವೂ ತಂತ್ರದ್ದಲ್ಲ. ಪದ್ಯ ಎಲ್ಲಿ ಮುಗಿಯುತ್ತದೆ, ತೆರೆ ಏಕೆ ಬೇಕು, ಮಹಿಷ ಹಿಂದಿನಿಂದ ಏಕೆ ಬರುತ್ತಾನೆ ಎಂಬವು ನಾವು ತರಗತಿಯಲ್ಲಿ ಚರ್ಚಿಸುವ ಪ್ರಶ್ನೆಗಳೇ. ಅವುಗಳ ಉತ್ತರವನ್ನು ಈಗ ಮೇಜಿನ ಹಿಂದೆ ಕೂತ ಇಪ್ಪತ್ತೈದರ ಹರೆಯದ ಹುಡುಗರು ಒಬ್ಬೊಬ್ಬರೇ, ರಾತ್ರಿಯ ನಿದ್ದೆಗಣ್ಣಿನಲ್ಲಿ ಕೊಡುತ್ತಿದ್ದಾರೆ. ಅವರಲ್ಲಿ ಎಷ್ಟೋ ಮಂದಿ ಆಟದ ಹುಚ್ಚಿನಿಂದಲೇ ಈ ಕೆಲಸಕ್ಕೆ ಬಂದವರು. ಎಲ್ಲಿ ಬಿಡ್ತಿಗೆ ಬರುತ್ತದೆ ಎಂಬುದು ಅವರ ಬೆರಳಿಗೆ ಗೊತ್ತಿರುತ್ತದೆ. ಅವರು ಬರೆದ ಸ್ಕ್ರಿಪ್ಟಿಗೆ ಮಾತ್ರ ಅದು ಇನ್ನೂ ಗೊತ್ತಾಗಬೇಕಾಗಿದೆ.

ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಮತ್ತೆ ದೀಪಾವಳಿ ಕಳೆಯುವವರೆಗೆ ಐದಾರು ತಿಂಗಳು ಮಳೆ. ಈ ಬಿಡುವಿನಲ್ಲಿ ಭಾಗವತರೊಬ್ಬರು, ಚೆಂಡೆಯವರೊಬ್ಬರು, ಬಟನ್ ಪೆಟ್ಟಿಗೆಯ ಹುಡುಗನೊಬ್ಬ, ಯಕ್ಷಗಾನ ಓದುವ ವಿದ್ಯಾರ್ಥಿಯೊಬ್ಬ ಒಂದು ಜಗಲಿಯಲ್ಲಿ ಕೂತು ಕಳೆದ ವರ್ಷದ ಒಂದು ದೇವಿ ಮಹಾತ್ಮೆಯ ವಿಡಿಯೋ ನೋಡಲಿ. ಎಲ್ಲೆಲ್ಲಿ ಚಿತ್ರ ಅವಸರಪಟ್ಟಿತೋ ಅಲ್ಲಲ್ಲಿ ಭಾಗವತರು ಕೈ ಎತ್ತಲಿ. ಹುಡುಗ ಅದನ್ನು ಬರೆದುಕೊಳ್ಳಲಿ.